ಊರಿಗೆ ಹೊಸಬ

ಊರಿಗೆ ಹೊಸಬನಾದ ಪೃಥ್ವಿಯನ್ನು ಕಾಲೇಜಿನ ಪುಂಡರ ಮುಂದಾಳು ಗವಿಸಿದ್ದ ಎಲ್ಲರೆದುರು ಹೇಡಿ ಎಂದು ಕರೆಯುತ್ತಿದ್ದ. ಮನೆಯಲ್ಲಿ ಹೇಳಿಕೊಂಡರೆ ಅಪ್ಪ ಮೊಬೈಲಿನಿಂದ ಕಣ್ಣೆತ್ತಲಿಲ್ಲ.

ಕೊನೆಗೆ ಪೃಥ್ವಿ ಪಂದ್ಯಕ್ಕೆ ಒಪ್ಪಿದ. ಹಳೇ ಕಲ್ಲುಗಣಿಯ ಅಂಚಿನತ್ತ ಇಬ್ಬರೂ ಬೈಕ್ ಓಡಿಸಬೇಕು. ಮೊದಲು ಬ್ರೇಕ್ ಹಿಡಿದವನೇ ಹೇಡಿ.

ಸಂಜೆ ಹುಡುಗರೆಲ್ಲ ಅಂಚಿನಲ್ಲಿ ನಿಂತು ಕೆಳಗಿನ ಕಪ್ಪು ನೀರಿಗೆ ಕಲ್ಲೆಸೆಯುತ್ತಿದ್ದಾಗ ಅವನು ಗವಿಸಿದ್ದನ ಬೈಕಿನ ಎರಡೂ ಬ್ರೇಕುಗಳನ್ನು ಬಿಚ್ಚಿಬಿಟ್ಟ.

ಗವಿಸಿದ್ದ ಬಂದು ಹೆಗಲ ಮೇಲೆ ಕೈಯಿಟ್ಟ. "ಅಂಜಿಕಿ ಬಂತೇನಲೇ?"

"ನಂಗ್ಯಾಕೆ ಭಯ?" ಪೃಥ್ವಿ ನಕ್ಕ. "ನೀನು ಗಾಡಿ ಹತ್ತು."

ಗವಿಸಿದ್ದ ತನ್ನ ಬೈಕಿನ ಕೀಲಿಯನ್ನು ಅವನ ಅಂಗೈಗೆ ಹಾಕಿದ.

"ಹತ್ತತೀನಿ, ಆದ್ರ ನಿನ್ನ ಗಾಡಿ. ನಮ್ಮೂರಾಗ ಮೋಸ ಆಗಬಾರದಂತ ಗಾಡಿ ಬದ್ಲಿ ಮಾಡ್ಕೊಂಡ ಓಡಸ್ತೀವಿ."