ಮೊದಲ ಎಲೆ

ಬೇವಿನ ಕಹಿಯ ಜೀನನ್ನು ಸುಮ್ಮನಾಗಿಸಲು ಬಳಸಿದ ವೈರಸ್ಸು ಪ್ರಯೋಗಾಲಯ ದಾಟಿ ಹಬ್ಬಿದ ಮೇಲೆ, ಸಪ್ಪೆಯಾದ ಬೇವುಗಳನ್ನೆಲ್ಲ ಹುಳುಗಳು ತಿಂದು ಒಣಗಿಸಿದ್ದವು. ಕಹಿ ಉಳಿದದ್ದು ಸಂಶೋಧನಾ ತೋಟದ ಈ ಒಂದೇ ಮರದಲ್ಲಿ.

ಪ್ರತಿ ಯುಗಾದಿಯಂತೆ ಗೇಟಿನೆದುರು ಜನ ಸಾಲುಗಟ್ಟಿದ್ದರು. ವಿಜ್ಞಾನಿ ಪ್ರಫುಲ್ಲಾ ರೆಂಬೆ ಕತ್ತರಿಸಿ, ವಾಡಿಕೆಯಂತೆ ಎಲ್ಲರೆದುರು ಮೊದಲ ಎಲೆಯನ್ನು ಅಗಿದಳು.

ಹುಲ್ಲಿನ ರುಚಿ.

ಪ್ರಯೋಗಾಲಯದ ಸೋಂಕಿನ ಸಸಿಗಳನ್ನು ಸವರಿದ ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಶುದ್ಧ ಮಾಡದೆ, ಹೋದ ತಿಂಗಳು ತಾನೇ ಈ ಮರಕ್ಕೂ ಹಾಕಿದ್ದು ಅವಳಿಗೆ ನೆನಪಾಯಿತು.

“ಕಹಿ ಐತಿಲ್ರೀ ಮೇಡಂ?” ಸಾಲಿನ ಮುಂದಿದ್ದ ಮುದುಕಿ ಕೇಳಿದಳು. “ಸಾಯೂದರಾಗ ಒಮ್ಮೆ ಖರೇ ಬೇವು ತಿನ್ನಬೇಕಂತ ನಮ್ಮ ಮನ್ಯಾವ್ರು ಕಾಯಾಕತ್ತಾರ.”

ಪ್ರಫುಲ್ಲಾ ಕಹಿ ತಿಂದವಳಂತೆ ಮುಖ ಕಿವುಚಿದಳು.

ಸಾಲಿಗೆ ಸಾಲೇ ಖುಷಿಯಿಂದ ನಕ್ಕಿತು.