ಬೈಕ್ ಬಿಟ್ಟವನು

ಮೂರನೆಯ ಬೈಕೂ ಜಿತೇಂದ್ರನಿಗೆ ಹಿಡಿಸಲಿಲ್ಲ.

"ಇದಕ್ಕೆ ಎಂತ ಆಗಿದೆ?" ರಿಯಾಝ್ ಕೇಳಿದ. ಮುಳ್ಳೇರಿಯ ಪೇಟೆ ಮುಗಿಯುವಲ್ಲಿ ಅವನ ಹಳೆ ಬೈಕುಗಳ ಅಂಗಡಿ. ತಗಡಿನ ಮಾಡು, ಕೆಳಗೆ ಸಾಲಾಗಿ ನಿಂತ ಬೈಕುಗಳು, ಎಲ್ಲದರ ಮೇಲೂ ಒಂದೇ ಪಾಲಿಶಿನ ಹೊಳಪು.

ಜಿತೇಂದ್ರ ಸೀಟಿನ ಹಿಂಭಾಗವನ್ನು ಅಂಗೈಯಿಂದ ಒತ್ತಿ ನೋಡಿದ. ಸೈಲೆನ್ಸರ್ ಕಾಲಿಗೆ ತಾಗುತ್ತದೆ ಎಂದ. ಮಡಚಿ ಕಟ್ಟಿದ ಮುಂಡಿನ ಕೆಳಗೆ, ಬಲಗಾಲಿನಲ್ಲಿ ಹಳೆಯ ಸುಟ್ಟ ಕಲೆಯೊಂದಿತ್ತು. ಮೊದಲನೆಯ ಬೈಕಿಗೆ ಹಿಂದೆ ಹಿಡಿದುಕೊಳ್ಳಲು ಕಂಬಿ ಇರಲಿಲ್ಲ. ಎರಡನೆಯದು ತೀರಾ ಎತ್ತರ.

"ಹಿಂದಿನ ಸೀಟು ಯಾಕೆ ನೋಡುದು ಮಾರಾಯ? ಮೊದಲು ಮದುವೆ ಆಗು."

ಅಂಗಡಿಯಲ್ಲಿದ್ದವರು ನಕ್ಕರು. ಜಿತೇಂದ್ರ ಸ್ವಲ್ಪ ತಡವಾಗಿ ನಕ್ಕ.

ವ್ಯವಹಾರದ ಮಾತನ್ನೆಲ್ಲ ಲತೇಶನೇ ಆಡುತ್ತಿದ್ದ. ಅವನು ವಿಲ್ಲೇಜ್ ಆಫೀಸಿನಲ್ಲಿ ಕ್ಲರ್ಕ್. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು. ಪಾರ್ಸೆಲ್ ಕಂಪನಿಯೊಂದರಲ್ಲಿ ಜಿತೇಂದ್ರನಿಗೆ ಡೆಲಿವರಿ ಕೆಲಸ ಹಿಡಿದುಕೊಟ್ಟದ್ದು ಲತೇಶ. ಸೋಮವಾರ ಸೇರಬೇಕು, ಸ್ವಂತ ಬೈಕ್ ಬೇಕು. ಬೈಕಿನ ದುಡ್ಡೂ ಲತೇಶನದೇ. ಜಿತೇಂದ್ರನಿಗೆ ಲರ್ನರ್ಸ್ ಆಗಿದೆ; ಲೈಸೆನ್ಸಿಗೆ ಒಂದು ತಿಂಗಳು ಕಾಯುತ್ತೇನೆ ಎಂದು ಮ್ಯಾನೇಜರನ ಬಾಯಿಂದ ಹೇಳಿಸಿದ್ದೂ ಅವನೇ. ಬೇರೆ ಯಾರೂ ಜಿತೇಂದ್ರನಿಗೆ ಕೆಲಸ ಕೊಡುತ್ತಿರಲಿಲ್ಲ. ಇದೂ ತಪ್ಪಿದರೆ ಇನ್ನೊಂದಿಲ್ಲ.

ಬರುವಾಗ ಕಾರಿನಲ್ಲಿ ಜಿತೇಂದ್ರ, ಒಂದು ಮಾತು ಹೇಳಲಿಕ್ಕುಂಟು ಎಂದು ಶುರುಮಾಡಿದ್ದ. ಹಳೆಯದು ಎಂತದ್ದೂ ಬೇಡ ಎಂದು ಲತೇಶ ರೇಡಿಯೊ ಹಾಕಿದ್ದ.

"ಬಿಡದೆ ಎಷ್ಟು ವರ್ಷ ಆಯಿತು?" ರಿಯಾಝ್ ಜಿತೇಂದ್ರನನ್ನು ಕೇಳಿದ.

"ಒಂಬತ್ತು," ಎಂದ ಲತೇಶ.

ಅದೆಲ್ಲ ಕೈಗೆ ತಾನಾಗಿ ಬರುತ್ತದೆ, ಟೆಸ್ಟಿನಲ್ಲಿ ಎಂಟು ಹಾಕುವುದು ಇವನಿಗೆ ಎಂತ ಕಷ್ಟ ಎಂದು ರಿಯಾಝ್ ಧೈರ್ಯ ಹೇಳಿದ.

"ಕಲಿತದ್ದಾದ್ರೆ ಮರೀಲಿಕ್ಕಿಲ್ಲ," ಎಂದ ಜಿತೇಂದ್ರ.

ಒಂಬತ್ತು ವರ್ಷದ ಹಿಂದಿನ ಕಥೆಯನ್ನು ಯಾರೂ ಅವನಿಗೆ ಮರೆಯಲು ಬಿಟ್ಟಿರಲಿಲ್ಲ. ಲತೇಶನಿಗೆ ಸರಕಾರಿ ಕೆಲಸಕ್ಕೆ ಪಿಎಸ್‌ಸಿ ಅಡ್ವೈಸ್ ಮೆಮೊ ಬಂದ ವಾರ ಅದು. ಸಂಜೆ ಕತ್ತಲಾದ ಮೇಲೆ ಇಬ್ಬರೂ ಲತೇಶನ ಬೈಕಿನಲ್ಲಿ ಎಡನೀರಿನಿಂದ ಬರುತ್ತಿದ್ದರು. ತಿರುವಿನಲ್ಲಿ ರಸ್ತೆ ದಾಟುತ್ತಿದ್ದ ಚೆನ್ನಯ್ಯನಿಗೆ ಬೈಕ್ ಬಡಿಯಿತು. ಲತೇಶ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಜಿತೇಂದ್ರ ನಡೆದುಕೊಂಡು ಪೊಲೀಸ್ ಸ್ಟೇಷನ್ನಿಗೆ ಹೋಗಿ ತನ್ನ ಹೆಸರು ಹೇಳಿದ. ಲೈಸೆನ್ಸ್ ಇಲ್ಲದೆ ಬಿಟ್ಟದ್ದು ಎಂದು ಕೇಸು ಇನ್ನಷ್ಟು ಗಟ್ಟಿಯಾಯಿತು. ಚೆನ್ನಯ್ಯ ಒಂದು ಕಾಲು ಕಳೆದುಕೊಂಡ. ಗೆಳೆಯ ನಂಬಿ ಕೊಟ್ಟ ಬೈಕನ್ನು ಹಾಳುಮಾಡಿದ ಎಂದು ಊರು ಜಿತೇಂದ್ರನಿಗೆ ಉಗಿಯಿತು. ಆಮೇಲೆ ಲತೇಶನೂ ಬೈಕ್ ಮುಟ್ಟಲಿಲ್ಲ. ಸಂಬಳ ಬರತೊಡಗಿದ ಮೇಲೆ ಕಾರು ತೆಗೆದ. ಸ್ನೇಹ ಅಂದರೆ ಹೀಗಿರಬೇಕು ಎಂದರು ಜನ.

ಊರುಗೋಲಿನ ಸದ್ದು ಕೇಳಿದಾಗ ಜಿತೇಂದ್ರ ತಲೆ ತಗ್ಗಿಸಿದ. ಚೆನ್ನಯ್ಯ ಈಗ ಬಸ್‌ಸ್ಟ್ಯಾಂಡಿನಲ್ಲಿ ಲಾಟರಿ ಮಾರುತ್ತಾನೆ. ಲತೇಶನ ಕಾರು ಕಂಡಲ್ಲಿ ಬಂದೇ ಬರುತ್ತಾನೆ.

"ಪುನಃ ಬಿಡ್ಲಿಕ್ಕೆ ಉಂಟಾ?" ಎಂದು ಜಿತೇಂದ್ರನನ್ನು ಕೇಳಿದ. "ಹಾಗಾದ್ರೆ ನಾಳೆಯಿಂದ ನಾನು ಇದ್ದ ಒಂದು ಕಾಲನ್ನು ಮನೆಯಲ್ಲಿ ಇಟ್ಟು ಬರ್ತೇನೆ."

ಯಾರೂ ನಗಲಿಲ್ಲ. ಚೆನ್ನಯ್ಯ ಲತೇಶನ ಕಡೆ ತಿರುಗಿದಾಗ ಅವನ ದನಿ ಬದಲಾಯಿತು. ಅವತ್ತು ಈ ಸಾರ್ ಇಲ್ಲದಿದ್ದರೆ ನಾನಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದ. ಲತೇಶ ಟಿಕೆಟ್ ಕೊಂಡ, ಚಿಲ್ಲರೆ ಬೇಡವೆಂದ, ನಂಬರ್ ನೋಡದೆ ಜೇಬಿಗೆ ತುರುಕಿದ. ಅವನು ಯಾವತ್ತೂ ನಂಬರ್ ನೋಡಿದವನಲ್ಲ.

ನಾಲ್ಕನೆಯ ಬೈಕನ್ನು ಲತೇಶನೇ ಮೂಲೆಯಿಂದ ಎಳೆದು ತಂದ. ಕಪ್ಪು ಬಣ್ಣದ ಹಳೆಯ ಮಾಡೆಲ್. ಹತ್ತಿ ಕುಳಿತ. ಕೈ ತಾನಾಗಿ ಕ್ಲಚ್ಚಿಗೆ ಹೋಯಿತು. ಒಂದೇ ಒದೆತಕ್ಕೆ ಇಂಜಿನ್ ಹಿಡಿಯಿತು. ಅವನು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಅದರ ಸದ್ದು ಕೇಳಿದ. ಬಹಳ ದಿನಗಳ ನಂತರ ಅವನ ಮುಖ ಸಡಿಲವಾಗಿತ್ತು.

"ಇದೇ ಸರಿ," ಎಂದು ಇಳಿದ. ಇದನ್ನು ಕೊಡಿಸಿದರೆ ಒಂದು ಲೆಕ್ಕ ಮುಗಿದಂತೆ ಅವನಿಗೆ.

ಜಿತೇಂದ್ರ ಈ ಬಾರಿ ಏನೂ ಕೊಂಕು ತೆಗೆಯಲಿಲ್ಲ. ಸುತ್ತ ಐದಾರು ಜನ ನೋಡುತ್ತಿದ್ದರು. ಅವನು ಮುಂಡು ಸರಿಮಾಡಿಕೊಂಡು ಹತ್ತಿ ಕುಳಿತ. ಪೆಟ್ರೋಲ್ ಪಂಪಿನವರೆಗೆ ಹೋಗಿ ಬಾ ಎಂದ ರಿಯಾಝ್. ಚೆನ್ನಯ್ಯ ಊರುಗೋಲು ಊರಿಕೊಂಡು ಕುಂಟುತ್ತಾ ಹೋಗಿ ಕಂಬದ ಹಿಂದೆ ನಿಂತ. ಈಗ ಎಲ್ಲರೂ ನಕ್ಕರು.

ಜಿತೇಂದ್ರ ಹ್ಯಾಂಡಲನ್ನು ಬಿಗಿಯಾಗಿ ಹಿಡಿದಿದ್ದ. ಬಗ್ಗಿ ಎಡಪಾದ ನೋಡಿದ, ಬಲಪಾದ ನೋಡಿದ. ಕಿವಿಗಳು ಕೆಂಪಾಗಿದ್ದವು. ಕಣ್ಣಿನಲ್ಲೇ ಲತೇಶನನ್ನು ಕರೆದ. ಲತೇಶ ಹತ್ತಿರ ಬಂದು ಕಿವಿ ಕೊಟ್ಟ.

"ಗೇರು ಯಾವ ಕಾಲಿಗೆ?"

ಲತೇಶನಿಗೆ ಅರ್ಥವಾಗಲಿಲ್ಲ. ಕಲಿತದ್ದು ಮರೆತುಹೋಯಿತಾ ಎಂದು ಪಿಸುಗುಟ್ಟಿದ.

ಜಿತೇಂದ್ರ ಕಂಬದ ಹಿಂದೆ ನಿಂತವನಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದ: "ನಾನು ಕಲಿತದ್ದು ಯಾವಾಗ ಮಾರಾಯ? ಅವತ್ತೂ ನಿನ್ನ ಹಿಂದೆಯೇ ಅಲ್ವಾ ಕೂತದ್ದು."