ಚಿಕ್ಕಪ್ಪ ಹೇಳಿದ ಮೂಕಚಿತ್ರ

ಬಿಸಿಲಿಗೆ ಕಾದ ಗೋಣಿಯ ವಾಸನೆ ಬಂದರೆ ಈಗಲೂ ನನಗೆ ಶಿರಸಿ ಪೇಟೆಯ ಆ ಗೋದಾಮಿನ ಮಧ್ಯಾಹ್ನ ನೆನಪಾಗುತ್ತದೆ.

ಕಿಟಕಿ ಬಾಗಿಲಿಗೆ ಗೋಣಿ ಕಟ್ಟಿ, ಕತ್ತಲೆ ಮಾಡಿ, ಪರದೇಶದ ಮೂಕಚಿತ್ರ ತೋರಿಸುತ್ತಿದ್ದರು. ನನಗಾಗ ಒಂಬತ್ತು ವರ್ಷ. ಕರೆದೊಯ್ದವನು ಚಿಕ್ಕಪ್ಪ. ಶಾಲೆಯಲ್ಲಿ ಮಾಸ್ತರನಾಗಿದ್ದ, ಜ್ವರ ಬಂದು ಕಿವಿ ಪೂರ್ತಿ ಹೋದ ಮೇಲೆ ಕೆಲಸವೂ ಹೋಗಿತ್ತು. ಮನೆಯಲ್ಲಿ ಅವನೊಡನೆ ಮಾತಾಡುವುದನ್ನೇ ಎಲ್ಲರೂ ಬಿಟ್ಟಿದ್ದರು.

ಆ ಚಿತ್ರದಲ್ಲಿ ಹೊಡೆದಾಟವಿರಲಿಲ್ಲ, ನಡುವೆ ಓದಲು ಬರಹವೂ ಇರಲಿಲ್ಲ. ಪರದೆಯ ತುಂಬ ಒಬ್ಬ ಮುದುಕಿಯ ಮುಖ. ಅವಳು ಊಟಕ್ಕೆ ಎರಡು ತಟ್ಟೆ ಇಡುತ್ತಿದ್ದಳು, ಸ್ವಲ್ಪ ಹೊತ್ತು ನೋಡಿ ಒಂದನ್ನು ತೆಗೆಯುತ್ತಿದ್ದಳು.

"ಎಂತ ಸಿನೆಮಾ ಮಾರಾಯ ಇದು!" ಎಂದು ಯಾರೋ ಕೂಗಿದರು. ಜನ ಏಳತೊಡಗಿದರು.

ಅದ್ಯಾವುದೂ ಕೇಳಿಸದ ಚಿಕ್ಕಪ್ಪ ನನಗೆಂದು ಗಟ್ಟಿಯಾಗಿ ಹೇಳಿದ: "ಅವಳ ಮಗ ಇನ್ನು ಬರೂದಿಲ್ಲ ತಂಗಿ. ಅವಳಿಗೆ ಅದು ಗೊತ್ತು. ಅವಳ ಕೈಗೆ ಇನ್ನೂ ಗೊತ್ತಾಗಲಿಲ್ಲ."

ಎದ್ದವರು ಕೂತರು. ಕೊನೆಯವರೆಗೂ ಅಲ್ಲಿ ಅವನ ದನಿಯೊಂದೇ ಕೇಳುತ್ತಿತ್ತು. ಹೊರಗೆ ಬಂದಾಗ ಮುದುಕರೊಬ್ಬರು ಅವನಿಗೆ ಕೈಮುಗಿದರು.

ಎರಡು ವರ್ಷದ ಮೇಲೆ ಅದೇ ಗೋದಾಮಿಗೆ ಮಾತಾಡುವ ಚಿತ್ರ ಬಂತು. ಜನ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಚಿಕ್ಕಪ್ಪ ನನ್ನ ಮೊಣಕೈ ಹಿಡಿದು, "ಎಂತ ಹೇಳಿದ ಅವ?" ಎಂದ. ಮುಂದಿನ ಮಾತು ತಪ್ಪೀತೆಂದು ನಾನು, ಆಮೇಲೆ ಹೇಳ್ತೆ ಎನ್ನುವಂತೆ ಕೈಯಾಡಿಸಿದೆ.

ಅವನು ಮತ್ತೆ ಕೇಳಲಿಲ್ಲ. ತಿರುಗಿ ನೋಡಿದರೆ ಅವನು ಪರದೆಯನ್ನೇ ನೋಡುತ್ತಿರಲಿಲ್ಲ. ಸುತ್ತ ಕೂತವರ ಮುಖ ನೋಡುತ್ತ, ಅವರು ನಕ್ಕಾಗಲೆಲ್ಲ ತಾನೂ ನಗುತ್ತಿದ್ದ.